ಗುರುಪಾದ ಗೆದ್ದ ಸುದ್ದಿ

ಉಣಕಲ್, ಹುಬ್ಬಳ್ಳಿ
೧೪ ಜುಲೈ ೨೦೨೫

ನನ್ನ ಮನೆಯ ಯಜಮಾನಿ ದಾನವ್ವಳಿಗೆ,

ಹೇಗಿದ್ದೀ? ಮೊಣಕಾಲು ಹೇಗಿದೆ? ನಮ್ಮ ದಾಕ್ಷಾಯಿಣಿ, ಕೂಸು ಆರಾಮ ತಾನೆ? ಮಗಳ ಎರಡನೇ ಬಾಣಂತನಕ್ಕೆಂದು ನವಲಗುಂದಕ್ಕೆ ಹೋದವಳು ಅಲ್ಲಿಯೇ ಠಿಕಾಣಿ ಹೂಡಿದ್ದೀ. ಇಲ್ಲಿ ನಾನು ಮಾಡಿದ ಸಾರನ್ನು ನಾನೇ ಬೈದುಕೊಂಡು ಉಣ್ಣುತ್ತಿದ್ದೇನೆ. ಫೋನಿದ್ದೂ ಪತ್ರವೇಕೆ ಅನ್ನಬೇಡ. ನೀನು ಸ್ಪೀಕರ್ ಹಾಕಿಯೇ ಮಾತಾಡುವವಳು, ಬೀಗರೆಲ್ಲ ಸುತ್ತ ಕೂತಿರುತ್ತಾರೆ. ಇದು ಮೊದಲು ನಿನಗೊಬ್ಬಳಿಗೇ ತಿಳಿಯಬೇಕಾದ ಮಾತು.

ನಮ್ಮ ಗುರುಪಾದ ಗೆದ್ದ, ದಾನವ್ವಾ! ಕಬಡ್ಡಿಯಲ್ಲಲ್ಲ. ಕಬಡ್ಡಿ ಆಡಿ ಹೆಗಲು ಮುರಿದುಕೊಂಡಾಗ ಡಾಕ್ಟರು ನೋವಿನ ಗುಳಿಗೆ ಬರೆದುಕೊಟ್ಟಿದ್ದರಲ್ಲ, ಹೆಗಲು ಕೂಡಿತು, ಗುಳಿಗೆ ಬಿಡಲಿಲ್ಲ. ನುಂಗಿದರೆ ಪರೀಕ್ಷೆಯ ಅಂಜಿಕೆಯಿಲ್ಲ ಎಂದು ಧಾರವಾಡದ ಹಾಸ್ಟೆಲ್ಲಿನಲ್ಲಿ ಅವನ ಗೆಳೆಯರೂ ಹಂಚಿಕೊಂಡು ನುಂಗುತ್ತಿದ್ದರಂತೆ. ಡಾಕ್ಟರ ಚೀಟಿಯ ಔಷಧ, ಕೆಟ್ಟದ್ದೇನು ಎಂಬ ಧೈರ್ಯ. ನೀನು ಹೋದ ಮೇಲೆ ಒಂದು ದಿನ ಮನೆಗೆ ಬಂದವನು ಮೈ ನಡುಗಿ, ಬೆವತು, "ಅಪ್ಪಾ, ನನ್ನ ಕೈಲೆ ಬಿಡಾಕ ಆಗವಲ್ದು" ಎಂದು ಅತ್ತ. ಸಿಟ್ಟು ನೆತ್ತಿಗೇರಿತ್ತು, ಆ ಮುಖ ನೋಡಿ ಇಳಿಯಿತು. ಡಾಕ್ಟರ ಕಡೆ ಕರೆದೊಯ್ದೆ. ಅವರು ಸ್ವಲ್ಪ ಸ್ವಲ್ಪವೇ ಇಳಿಸಿ ಬಿಡಿಸಿದರು. ಆದರೂ ಮತ್ತೆ ಯಾರಾದರೂ ಕೈಗೆ ಕೊಟ್ಟರೆ ಏನು ಮಾಡುತ್ತಾನೋ ಎಂಬ ಭಯ ನನಗೆ ಹೋಗಿರಲಿಲ್ಲ.

ನಿನ್ನೆ ದೇಶಪಾಂಡೆ ನಗರದಲ್ಲಿ ಅವನ ದವಡೆ ಹಲ್ಲು ಕೀಳಿಸಿದೆವು. ಡಾಕ್ಟರು ಚೀಟಿ ಬರೆಯಲು ಕೂತರು. ಇವನು ಬಾಯೊಳಗಿನ ಹತ್ತಿಯನ್ನು ಪಕ್ಕಕ್ಕೆ ಸರಿಸಿ, ಕೂತ ಮಂದಿಯೆಲ್ಲ ಕೇಳುವಂತೆ, "ಸರ್, ನನಗ ನೋವಿನ ಗುಳಿಗಿ ಚಟಾ ಇತ್ರಿ. ಬಿಟ್ಟೇನಿ. ಅಂಥಾದ್ದು ಬರೀಬ್ಯಾಡ್ರಿ" ಎಂದುಬಿಟ್ಟ! ಚಪ್ಪಾಳೆ ತಟ್ಟಬೇಕೆನಿಸಿತು, ತಟ್ಟಿಯೂ ಬಿಟ್ಟೆ. ಮುದುಕನ ತಲೆ ಕೆಟ್ಟಿದೆ ಅಂದುಕೊಂಡಿರಬೇಕು ಅಲ್ಲಿದ್ದವರು. ದುರ್ಗದಬೈಲಿನಲ್ಲಿ ಐಸ್‌ಕ್ರೀಮ್ ಕೊಡಿಸಿ ಕರೆತಂದೆ. ಇಷ್ಟು ಹೆಮ್ಮೆ ನನಗೆ ಯಾವತ್ತೂ ಆಗಿರಲಿಲ್ಲ.

ಕೂಸಿಗೆ ಒಂದು ಮುದ್ದು, ದಾಕ್ಷಾಯಿಣಿಗೆ ಆಶೀರ್ವಾದ, ಬೀಗರಿಗೆ ಶರಣು. ಲಗೂನೆ ಬಾ, ಸಾರು ಕೆಟ್ಟಿದೆ.

ನಿನ್ನ
ಸಿದ್ದಲಿಂಗಪ್ಪ

ತಾ.ಕ.: ಕಂಡಕ್ಟರ್ ಗುಲಾಬಸಾಬರ ನವಲಗುಂದದ ಬಸ್ಸು ಹೊರಡುವ ಹೊತ್ತು, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ನೀನು ವಾರವಾರ ಅವರ ಕೈಯಲ್ಲಿ ಗುರುಪಾದನಿಗೆ ಕಳಿಸುವ ರೊಟ್ಟಿ ಬುತ್ತಿ ಇಂದೂ ಬಂತು, ಅದನ್ನು ಅವನು ಈಗ ನನ್ನ ಮುಂದೆ ತಂದಿಟ್ಟ. ರೊಟ್ಟಿಯ ಕೆಳಗೆ ನಿನ್ನ ಮೊಣಕಾಲು ನೋವಿನ ಗುಳಿಗೆಯ ಪಟ್ಟಿ! ಗುಳಿಗೆ ಎಲ್ಲಿಂದ ಸಿಗುತ್ತಿತ್ತೆಂದು ಎಷ್ಟು ಕೇಳಿದರೂ ಬಾಯಿ ಬಿಡದವನು ಇಂದು ಹೇಳಿದ. ಅವನ ಹೆಗಲು ಇನ್ನೂ ನೋಯುತ್ತಿದೆಯೆಂದು ನಂಬಿ, ನೀನು ಕಾಲೆಳೆದುಕೊಂಡು ನಡೆಯುತ್ತ, ನಿನ್ನ ಪಾಲಿನದನ್ನು ಅವನಿಗೆ ಕಳಿಸುತ್ತಿದ್ದೆಯಲ್ಲ, ಹುಚ್ಚಿ. ಅಳಬೇಡ, ಸಿಟ್ಟಿಲ್ಲ. ಇನ್ನು ಬುತ್ತಿಯಲ್ಲಿ ರೊಟ್ಟಿ ಮಾತ್ರ ಇರಲಿ. ಪಟ್ಟಿಯಲ್ಲಿ ಒಂದು ಗುಳಿಗೆಯೂ ಕಡಿಮೆಯಾಗಿಲ್ಲ. ಅವನೇ ಈ ಪತ್ರದ ಜೊತೆ ಕಟ್ಟಿಕೊಟ್ಟಿದ್ದಾನೆ: "ಇವು ಅವ್ವನ ಮೊಣಕಾಲಿನವು ಅಪ್ಪಾ, ಅಕಿಗೇ ಮುಟ್ಟಸ್ರಿ."