ಕಟ್ಟೆಯ ಮೇಲೆ ಕೆಂಚಿ

ಬೈಲಹೊಂಗಲ
೧೨ ಜನವರಿ ೨೦೦೪

ಚಿ. ಸೌ. ರಾಜೇಶ್ವರಿಗೆ, ನನ್ನ ರಾಜೂಗೆ,

ನಿನ್ನ ಕೃಷ್ಣಕ್ಕನ ಆಶೀರ್ವಾದ. ನಾವಿಲ್ಲಿ ಕ್ಷೇಮ, ನೀವಲ್ಲಿ ಕ್ಷೇಮವೇ ಎಂದು ಕೇಳುವ ಮುಖ ನನಗಿಲ್ಲ. ಅದಕ್ಕೇ ನೇರವಾಗಿ ವಿಷಯಕ್ಕೆ ಬರುತ್ತೇನೆ. ಅಕ್ಷರದ ಗುರುತು ಹಿಡಿದು ಈ ಕಾಗದವನ್ನು ಒಲೆಗೆ ಹಾಕಬೇಡ ಮಾರಾಯ್ತಿ. ಒಂದು ನಾಯಿಯ ವಿಷಯ ಬರೆಯಬೇಕಾಗಿದೆ. ಏಳು ವರ್ಷದಿಂದ ಮಾತಿಲ್ಲದ ಅಕ್ಕ ನಿನ್ನ ಚಚಡಿ ಊರಿಗೆ ನಾಯಿಯ ಸುದ್ದಿ ಬರೆಯುತ್ತಾಳೆ ಎಂದು ನಗು ಬಂದರೆ ನಕ್ಕುಬಿಡು.

ಎರಡು ವರ್ಷದ ಹಿಂದೆ ನಮ್ಮ ಮನೆಯವರು ಸಂತೆಯಿಂದ ಬರುವಾಗ ಕೆಂಚು ಬಣ್ಣದ ಒಂದು ಹೆಣ್ಣುನಾಯಿ ಬೆನ್ನು ಹತ್ತಿ ಬಂತು. ‘ತಾನಾಗೇ ಬಂದೈತಿ, ಲಕ್ಷ್ಮೀ ಬಂದಂಗ, ಇರ್ಲಿ ಬಿಡ’ ಎಂದರು. ನಾನು ಬೇಡವೆಂದೆ. ನನ್ನ ಮಾತು ಊರಲ್ಲಿ ನಡೆದಷ್ಟು ಮನೆಯಲ್ಲಿ ಎಂದೂ ನಡೆದಿಲ್ಲ. ಕೆಂಚಿ ಎಂದು ಹೆಸರಿಟ್ಟರು, ರೊಟ್ಟಿ ಹಾಕಿದರು. ಆ ಲಕ್ಷ್ಮಿ ಮೂರು ಸಲ ಮರಿ ಹಾಕಿದಳು. ಕೆಲವು ಕಬ್ಬಿನ ಟ್ರ್ಯಾಕ್ಟರುಗಳ ಕೆಳಗೆ ಸಿಕ್ಕವು. ಕೆಲವನ್ನು ಓಣಿಯವರು ಚೀಲದಲ್ಲಿ ತುಂಬಿ ಎಲ್ಲಿಗೋ ಒಯ್ದರು. ಈ ಸಲದ ನಾಲ್ಕು ಚಳಿಗೆ ಹೋದವು. ಒಂದೂ ಉಳಿಯಲಿಲ್ಲ.

ಅಂದಿನಿಂದ ದೀಪ ಹಚ್ಚುವ ಹೊತ್ತಿಗೆ ಅವಳು ಮುಂದಿನ ಕಟ್ಟೆಯ ಮೇಲೆ, ಕಂಬಕ್ಕೆ ಬೆನ್ನು ಕೊಟ್ಟು, ಬಾಗಿಲಿಗೆ ಮುಖ ಮಾಡಿ ಕೂಡುತ್ತಾಳೆ. ನಾಯಿ ಅಂದಮೇಲೆ ರಸ್ತೆ ನೋಡುತ್ತ ಕೂಡಬೇಕು, ಕಳ್ಳರು ಬರುವುದು ಆ ಕಡೆಯಿಂದ. ಇವಳು ಒಳಗೆ ನೋಡುತ್ತಾಳೆ. ಬೊಗಳುವುದಿಲ್ಲ, ಊಳಿಡುವುದೂ ಇಲ್ಲ. ಆ ಜಾಗ ಯಾವುದೆಂದು ನಿನಗೆ ಗೊತ್ತು. ಇಷ್ಟುದ್ದದ ಕಟ್ಟೆಯಲ್ಲಿ ಅವಳಿಗೆ ಅದೇ ಜಾಗ ಬೇಕು! ಗದರಿಸಿದೆ, ನೀರು ಹೊಯ್ದೆ, ಒಂದು ದಿನ ಕಲ್ಲನ್ನೂ ಎತ್ತಿದೆ. ಮರುದಿನ ಮತ್ತೆ ಅಲ್ಲೇ. ನರ್ಸಬಾಯಿ ಬಂದಳು ಎಂದು ನನ್ನನ್ನು ಕಂಡರೆ ಓಣಿಯ ಹೆಂಗಸರು ಹಿತ್ತಲ ಬಾಗಿಲಿನಿಂದ ಓಡುತ್ತಿದ್ದರಲ್ಲ, ಈಗ ಒಂದು ತಿಂಗಳಿನಿಂದ ನಾನು ಸಂಜೆಯಾದರೆ ನನ್ನ ಮನೆಯಲ್ಲೇ ಹಿತ್ತಲ ಬಾಗಿಲಿನಿಂದ ಓಡಾಡುತ್ತಿದ್ದೇನೆ. ನನಗೆ ಹೆದರಿಕೆಯಾಗುತ್ತದೆ ರಾಜೂ.

ದನದ ದವಾಖಾನೆಗೆ ಹೊಸದಾಗಿ ವಾಸೀಮ್ ಎಂಬ ಡಾಕ್ಟರು ಬಂದಿದ್ದಾರೆ. ಕೆಂಚಿಯ ಹೊಟ್ಟೆ ಒತ್ತಿ ನೋಡಿ, ‘ಬಾಯಾರ, ಇನ್ನೊಂದ ಸೂಲ ಆದ್ರ ಇದು ಉಳಿಯಾಂಗಿಲ್ರಿ. ಮರಿ ಆಗದಂಗ ಆಪರೇಷನ್ ಮಾಡಿಸಿಬಿಡ್ರಿ’ ಎಂದರು. ವಿಚಾರ ಮಾಡುತ್ತೇನೆ ಎಂದೆ. ಮನೆಗೆ ಬರುವ ದಾರಿಯಲ್ಲೇ ನಮ್ಮವರು ಶುರು ಮಾಡಿದರು. ‘ಊರ ಹೆಂಗಸರನ್ನೆಲ್ಲ ಟೆಂಪೋ ತುಂಬಿ ಆಪರೇಷನ್ ಕ್ಯಾಂಪಿಗಿ ಒಯ್ದಾಕಿ ನೀ, ಒಂದ ನಾಯಿ ಮುಂದ ಯಾಕ ಮೀನಾಮೇಷ ಎಣಸ್ತಿ?’ ಎಂದರು. ಹೌದಲ್ಲ, ಯಾಕೆ ಎಂದು ನನಗೂ ಸಿಟ್ಟು ಬಂತು. ಇಂದು ಬೆಳಿಗ್ಗೆ ಕೊರಳಿಗೆ ಹಗ್ಗ ಹಾಕಿ ಕರೆದುಕೊಂಡು ಹೋದೆ.

ಡಾಕ್ಟರು ಒಂದು ಕಾಗದ ಮುಂದಿಟ್ಟರು. ನಾಯಿಯ ವಯಸ್ಸು, ಬಣ್ಣ, ಸಾಕಿದವರ ಸಹಿ. ಬರೆಯುತ್ತ ಹೋದೆ. ‘ಮರಿ ಎಷ್ಟ ಅದಾವ್ರಿ ಈಗ?’ ಎಂದು ಕೇಳಿದರು. ಹಾಲು ಕುಡಿಯುವ ಮರಿಗಳಿದ್ದರೆ ಈಗಲೇ ಬೇಡ ಎನ್ನಲು ಕೇಳಿದ್ದು, ಅವರ ತಪ್ಪಿಲ್ಲ. ನನ್ನ ಕೈ ನಿಂತುಬಿಟ್ಟಿತು. ಸೊನ್ನೆ ಬರೆಯಲು ಎಷ್ಟು ಹೊತ್ತು ಬೇಕು ಹೇಳು? ಬರೆಯಲಾಗಲಿಲ್ಲ. ಬರುವ ಸೋಮವಾರದ ತನಕ ಸಮಯ ಕೇಳಿಕೊಂಡು ನಾಯಿಯನ್ನು ಎಳೆದುಕೊಂಡು ಮನೆಗೆ ಬಂದೆ.

ಯಾಕೆಂದು ಈಗ ಹೇಳುತ್ತೇನೆ. ಹತ್ತು ವರ್ಷದ ಹಿಂದಿನ ಆ ಮಾರ್ಚಿನಲ್ಲಿ ನನಗೆ ಕುಟುಂಬ ಯೋಜನೆ ಆಪರೇಷನ್ನಿನ ಮೂವತ್ತು ಕೇಸಿನ ಗುರಿ ಕೊಟ್ಟಿದ್ದರು. ಇಪ್ಪತ್ತೊಂಬತ್ತು ಆಗಿದ್ದವು. ತಿಂಗಳು ಮುಗಿಯಲು ಎರಡೇ ದಿನ. ಅಷ್ಟರಲ್ಲಿ ನೀನು ಮೂರು ವರ್ಷದ ಬಸೂನನ್ನು ಎತ್ತಿಕೊಂಡು ತವರು ಎಂದು ನನ್ನ ಮನೆಗೆ ಬಂದೆ. ಅವ್ವ ಸತ್ತಾಗ ನೀನು ಆರು ತಿಂಗಳಿನ ಕೂಸು, ನನಗೆ ಹದಿನಾರು. ನಿನಗೆ ನಾನಲ್ಲದೆ ಬೇರೆ ತವರು ಎಲ್ಲಿತ್ತು? ಬಸೂನ ಹೆರಿಗೆಯಲ್ಲಿ ನೀನು ಸತ್ತು ಬದುಕಿದ್ದೆ. ಇನ್ನೊಂದು ಹೆರಿಗೆ ಎಂದರೆ ಬೆವರುತ್ತಿದ್ದೆ. ನಾನು, ‘ನಾಕ ವರ್ಷ ಆರಾಮ ಇರು. ಬೇಕಾದಾಗ ಬಿಚ್ಚಿಸಿದ್ರಾತು, ಲಂಗದ ಲಾಡಿ ಬಿಚ್ಚಿದಂಗ’ ಎಂದೆ. ನಿನ್ನ ಗಂಡ ನಿಂಗರಾಜನಿಗೆ ಆಮೇಲೆ ನಾನೇ ಹೇಳುತ್ತೇನೆ ಎಂದೆ. ನೀನು, ‘ನೀ ಅದಿಯಲ್ಲಕ್ಕಾ’ ಎಂದೆ. ಅಷ್ಟೇ ಎಂದೆ ನೀನು.

ಒಂದೇ ಮಗುವಿದ್ದವಳನ್ನು ಆ ಮೇಜಿನ ಮೇಲೆ ಹತ್ತಿಸುತ್ತಿರಲಿಲ್ಲ. ಕ್ಯಾಂಪಿನ ಕಾಗದದಲ್ಲಿ ಬದುಕಿರುವ ಮಕ್ಕಳು ಎಂಬಲ್ಲಿ ನಾನು ಎರಡು ಎಂದು ಬರೆದೆ. ಇಲ್ಲದ ಕೂಸೊಂದನ್ನು ಕಾಗದದ ಮೇಲೆ ಹುಟ್ಟಿಸಿದೆ. ನಿನಗೆ ಇದು ಗೊತ್ತಿರಲಿಲ್ಲ, ಈಗ ಗೊತ್ತಾಗಲಿ.

ಎರಡು ವರ್ಷಕ್ಕೆ, ಶ್ರಾವಣದಲ್ಲಿ, ಬಣವೆಯ ಬುಡದಲ್ಲಿ ಬಸೂಗೆ ಹಾವು ಕಡಿಯಿತು. ಆ ದಿನದ ಬಗ್ಗೆ ನಾನು ಬರೆಯುವುದಿಲ್ಲ. ದೀಪಾವಳಿ ಮುಗಿದ ಮೇಲೆ ಒಂದು ಮಧ್ಯಾಹ್ನ ನೀನೊಬ್ಬಳೇ ಬಂದೆ. ಹೊರಗೆ ನಿಂತೇ, ‘ಅಕ್ಕಾ, ಬಿಚ್ಚಿಸಿ ಕೊಡ’ ಎಂದು ಕೂಗಿದೆ. ನಾನು ಒಳಗೆ ಜೋಳದ ಚೀಲಗಳ ಹಿಂದೆ ನಿಂತಿದ್ದೆ. ‘ಡ್ಯೂಟಿಗಿ ಹೋಗ್ಯಾಳವಾ’ ಎಂದು ನಮ್ಮವರ ಬಾಯಿಂದ ಹೇಳಿಸಿದೆ. ನನ್ನ ಚಪ್ಪಲಿಗಳು ಹೊಸ್ತಿಲ ಹೊರಗೇ ಬಿದ್ದಿದ್ದವು, ನೀನು ನೋಡಿದೆ. ಕಂಬಕ್ಕೆ ಬೆನ್ನು ಕೊಟ್ಟು, ಬಾಗಿಲಿಗೆ ಮುಖ ಮಾಡಿ, ದೀಪ ಹಚ್ಚುವ ತನಕ ಕೂತೆ. ಎದ್ದು ಹೋಗುವಾಗ ಅಡ್ಡಾದಿಡ್ಡಿ ಬಿದ್ದಿದ್ದ ನನ್ನ ಚಪ್ಪಲಿಗಳನ್ನು ಜೋಡಿಸಿ ಇಟ್ಟು ಹೋದೆ. ಬೈದು ಹೋಗಿದ್ದರೆ ಎಷ್ಟು ಚೆನ್ನಾಗಿತ್ತು. ಈಗಲೂ ಚಪ್ಪಲಿ ಜೋಡಾಗಿ ಇದ್ದರೆ ನನಗೆ ಮೆಟ್ಟಲಾಗುವುದಿಲ್ಲ, ಕಾಲಿನಿಂದ ಒದ್ದು ಬೇರೆ ಮಾಡಿ ಮೆಟ್ಟುತ್ತೇನೆ.

ಆಮೇಲೆ ನಾನು ನಿನಗೆ ಕಾಗದ ಬರೆದೆ. ಬಿಚ್ಚಲು ಬರುವುದಿಲ್ಲ, ಯಾರಿಂದಲೂ ಆಗದ ಮಾತು, ಮರೆತುಬಿಡು ಎಂದು. ಬೇಕಾದಾಗ ಬಿಚ್ಚಿಸಬಹುದು ಎಂದು ಮೊದಲು ಹೇಳಿದ್ದು ಸುಳ್ಳು, ಒಪ್ಪಿಕೊಳ್ಳುತ್ತೇನೆ. ಎರಡನೆಯದು ಖರೇ. ನಿಂಗರಾಜನ ದೊಡ್ಡತನ, ಅವನು ಇನ್ನೊಂದು ಮದುವೆಯ ಮಾತೆತ್ತಲಿಲ್ಲ. ಆದರೆ ಮದುವೆ ಮುಂಜಿಗಳಲ್ಲಿ ಬೇರೆಯವರ ಕೂಸುಗಳನ್ನು ನೀನು ಎತ್ತಿಕೊಳ್ಳದೆ ದೂರ ಸರಿಯುವುದನ್ನು ನಾನು ಕಂಬದ ಮರೆಯಿಂದ ನೋಡಿದ್ದೇನೆ.

ಕೆಂಚಿಗೆ ಏನು ಮಾಡಲಿ? ಮಾಡಿಸಿದರೆ ಕೇಳದೆ ಕೊಯ್ಯಿಸಿದ್ದು ಇನ್ನೊಂದು ಜೀವ. ಬಿಟ್ಟರೆ ಇನ್ನೊಂದು ಸೂಲಿಗೆ ಸಾಯುತ್ತಾಳೆ. ಮೂಕಪ್ರಾಣಿ, ಅದನ್ನು ಕೇಳಲೂ ಬರುವುದಿಲ್ಲ. ನಿನ್ನನ್ನು ಕೇಳಬಹುದಿತ್ತು, ಕೇಳಲಿಲ್ಲ. ಒಂದೇ ಸಾಲು ಬರೆ. ಬೈದು ಬರೆದರೂ ಸರಿ.

ನಿನ್ನನ್ನು ಕಂಕುಳಲ್ಲಿ ಹೊತ್ತ,
ಕೃಷ್ಣಕ್ಕ

ತಾ. ಕ. (೨೨ ಜನವರಿ): ಈ ಕಾಗದ ಹತ್ತು ದಿನ ದೇವರ ಗೂಡಿನಲ್ಲೇ ಕೂತಿತ್ತು. ಡಬ್ಬಿಯ ತನಕ ಕಾಲು ಬರಲಿಲ್ಲ. ಈಗ ಅಂಟಿಸಿದ ಲಕೋಟೆ ಹರಿದು ಬರೆಯುತ್ತಿದ್ದೇನೆ.

ಸೋಮವಾರ ಕೆಂಚಿಗೆ ಆಪರೇಷನ್ ಮಾಡಿಸಿದೆ. ಹೋಗುವ ಮೊದಲು ಮುಂದಿನ ಬಾಗಿಲು ತೆಗೆದು, ಕಟ್ಟೆಯ ಮೇಲೆ ಅವಳ ಎದುರು ಕೂತು, ‘ಕೆಂಚೀ, ಇನ್ನ ಮ್ಯಾಲ ನಿನಗ ಮರಿ ಆಗೂದಿಲ್ಲ. ಇದನ್ನ ಬಿಚ್ಚಾಕ ಬರೂದಿಲ್ಲ ನೋಡವಾ’ ಎಂದೆ. ‘ನಾಯಿಗಿ ಹೇಳಾಕತ್ತಿಯಲ್ಲ, ತಲಿ ಗಿಲಿ ಕೆಟ್ಟೈತೇನ?’ ಎಂದರು ನಮ್ಮವರು. ಅವಳು ನನ್ನ ಕೈ ನೆಕ್ಕಿದಳು. ಅಮಲು ಇಳಿದು ಕಣ್ಣು ಬಿಟ್ಟಾಗಲೂ ಮೊದಲು ನೆಕ್ಕಿದ್ದು ನನ್ನ ಕೈಯನ್ನೇ. ಕ್ಯಾಂಪಿನಿಂದ ಬರುವಾಗ ಟೆಂಪೋದಲ್ಲಿ ನೀನು ಈ ಕೈಯನ್ನೇ ಎದೆಗೆ ಒತ್ತಿ ಹಿಡಿದು ಮಲಗಿದ್ದೆ.

ನಾಯಿಗೆ ಖರೇ ಹೇಳಿದ ಬಾಯಿ ನಿನಗೆ ಹೇಳಿಲ್ಲ. ಮೇಲೆ ‘ಎರಡನೆಯದು ಖರೇ’ ಎಂದು ಬರೆದದ್ದೂ ಸುಳ್ಳು. ಕಟ್ಟಿದ ನಾಳವನ್ನು ಮತ್ತೆ ಕೂಡಿಸುವ ಆಪರೇಷನ್ ಆಗಲೂ ಇತ್ತು. ಮಕ್ಕಳನ್ನು ಕಳೆದುಕೊಂಡವರಿಗೆಂದೇ ಮಾಡುತ್ತಿದ್ದರು. ಎಲ್ಲರಿಗೂ ಫಲಿಸುತ್ತಿರಲಿಲ್ಲ, ಕೆಲವರಿಗೆ ಫಲಿಸಿತ್ತು. ನೀನು ಕಟ್ಟೆಯ ಮೇಲೆ ಕೂತಿದ್ದಾಗ ಚೀಲಗಳ ಹಿಂದೆ ನಿಂತ ನನಗೆ ಅದು ಗೊತ್ತಿತ್ತು. ಅರ್ಜಿ ಹಾಕಿದರೆ ಹಳೆಯ ಕಾಗದ ತೆಗೆಯುತ್ತಿದ್ದರು, ನಾನು ಬರೆದ ಎರಡು ಕಾಣುತ್ತಿತ್ತು, ನನ್ನ ನೌಕರಿ ಹೋಗುತ್ತಿತ್ತು. ನಿನ್ನ ಏಳು ವರ್ಷ ತಿಂದು ನಾನು ಅವಧಿಗೆ ಮೊದಲೇ ನಿವೃತ್ತಿ ಪಡೆದು ಹಾರ ಹಾಕಿಸಿಕೊಂಡೆ.

ನಿನ್ನೆ ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ಹೋಗಿದ್ದೆ. ಸುಳ್ಳು ಬರೆದವಳು ನಾನೇ ಎಂದು ಬರೆದು ಸಹಿ ಮಾಡಿ ಕೊಟ್ಟೆ. ಪಿಂಚಣಿ ಹೋದರೆ ಹೋಗಲಿ. ನನ್ನ ತಂಗಿಗೆ ಈಗ ಮೂವತ್ತೆರಡು ವರ್ಷ ಎಂದೆ. ಆಗೇ ಆಗುತ್ತದೆ ಎಂದು ಡಾಕ್ಟರಬಾಯಿ ಹೇಳಲಿಲ್ಲ. ‘ಆಕೀಗಿ ಬೇಕನಿಸಿದ್ರ ಕರಕೊಂಡ ಬರ್ರಿ, ನೋಡೂಣು’ ಎಂದರು. ಬೇಕೋ ಬೇಡವೋ ನೀನೇ ಹೇಳಬೇಕು. ಬೇಡವಾದರೆ ಹರಿದು ಹಾಕು, ನಾನು ಕೇಳುವುದಿಲ್ಲ.

ಅಲ್ಲಿ ಕೊಟ್ಟ ಅರ್ಜಿಯನ್ನು ಇದರೊಳಗೇ ಮಡಚಿ ಇಟ್ಟಿದ್ದೇನೆ. ನಿನ್ನ ಹೆಸರು, ವಯಸ್ಸು, ಊರು ಬರೆದಿದ್ದೇನೆ. ಬದುಕಿರುವ ಮಕ್ಕಳು ಎಂಬಲ್ಲಿ ಏನೂ ಬರೆದಿಲ್ಲ. ಅದನ್ನು ನೀನೇ ಬರೆ.