ಕಾಲಿಗೆ ನೀರು

ಏಪ್ರಿಲ್ 6, ಭಾನುವಾರ

ಬೆಳಗಿನ ಪೂಜೆ ಮುಗಿಸಿ ಮಕ್ಕಳಿಗೆ ಉಪದೇಶ ಕ್ಲಾಸ್. ಗಲಾಟೆಯೋ ಗಲಾಟೆ. ಇಬ್ಬರ ಕಿವಿ ಹಿಂಡಿದೆ.

ಪ್ರಭು ಶಿಷ್ಯರ ಕಾಲು ತೊಳೆದ ನೆನಪಿಗೆ ಪವಿತ್ರ ಗುರುವಾರ ಫಾದರ್ ಹನ್ನೆರಡು ಜನರ ಕಾಲು ತೊಳೆಯುತ್ತಾರೆ. ಆ ಹನ್ನೆರಡು ಜನರನ್ನು ಹುಡುಕುವುದು ಉಪದೇಶಿಯಾದ ನನ್ನ ಕೆಲಸ. ಎಲ್ಲರೂ ಮನೆಯಲ್ಲೇ ಹಿಮ್ಮಡಿ ಉಜ್ಜಿ, ಸೋಪು ಹಾಕಿ ತೊಳೆದುಕೊಂಡೇ ಬರುತ್ತಾರೆ. ಫಾದರ್ ಮುಂದೆ ಮಾನ ಹೋಗಬಾರದಲ್ಲ!

ಮಧ್ಯಾಹ್ನ ಯಳಂದೂರಿನಿಂದ ಮಗ ಆರೋಗ್ಯನ ಫೋನ್. "ಅಪ್ಪಾ, ಪವಿತ್ರ ಗುರುವಾರ ಪೂಜೆಗೆ ಬತ್ತೀನಿ. ಈಸ್ಟರ್ ಊಟಕ್ಕೆ ಗುರುಪ್ರಕಾಶ್‌ನೂ ಕರ್ಕಂಡು ಬರ್ಲಾ?"

ಗುರುಪ್ರಕಾಶ್ ಅವನ ರೂಮ್‌ಮೇಟ್ ಅಂದುಕೊಂಡಿದ್ದೆವು. ಕ್ರಿಸ್ಮಸ್‌ನಲ್ಲಿ ಆರೋಗ್ಯನೇ ಬಾಯಿಬಿಟ್ಟ — ಹುಡುಗಿ ಹುಡುಕಬೇಡಿ, ನಾನು ಬಾಳುವುದು ಅವನ ಜೊತೆ ಅಂತ. ಅವತ್ತು ಹೋದವನು ಬಂದಿಲ್ಲ. ನಾನೂ ಬಾ ಅಂದಿಲ್ಲ.

"ನೋಡಾನ" ಅಂದು ಫೋನ್ ಇಟ್ಟುಬಿಟ್ಟೆ.

ಏಪ್ರಿಲ್ 9

ಹನೂರಿನಿಂದ ತಮ್ಮ ದಾವೀದ ಬಂದಿದ್ದ. ಈಗ ಪಾಸ್ಟರ್, ನಮ್ಮ ಚರ್ಚ್ ಬಿಟ್ಟು ಬೇರೆ ಸಭೆ ಸೇರಿದ್ದಾನೆ. ಬೈಬಲ್ ಬಿಚ್ಚಿಕೊಂಡೇ ಕೂತ.

"ಇದು ಶಾಪ ಕಣಣ್ಣ. ನನ್ತಾವ ಕಳ್ಸು, ಉಪವಾಸ ಪ್ರಾರ್ಥ್ನೆ ಮಾಡಿ ಬುಡುಸ್ತೀನಿ. ಅವ್ರಿಬ್ರನ್ನೂ ಮನೇಗೆ ಸೇರುಸ್ದೆ ಅಂದ್ರೆ ನಾನು ಈ ಹೊಸ್ಲು ತುಳಿಯಲ್ಲ."

ಸಂಜೆ ಫಾದರ್ ಹತ್ತಿರ ಹೋಗಿ ಎಲ್ಲ ಹೇಳಿದೆ. ಬೈಯಲಿಲ್ಲ. "ಅವನೂ ದೇವರ ಮಗನೇ, ಉಪದೇಶಿಗಳೇ. ಅವಮಾನ ಮಾಡಬೇಡಿ. ಆದರೆ ಆ ಸಂಬಂಧ ಸರಿ ಅಂತ ಧರ್ಮಸಭೆ ಹೇಳಲ್ಲ. ಒಬ್ಬನೇ ಬಾಳಬೇಕು."

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಸೊಪ್ಪು ಬಿಡಿಸುತ್ತಿದ್ದ ಲೂರ್ದಮ್ಮ ತಲೆ ಎತ್ತಿದಳು. "ಒಬ್ನೇ ಬಾಳು ಅನ್ನಾಕೆ ಫಾದ್ರಿಗಾದ್ರೆ ಅಡ್ಗೆಯವ್ಳು ಅವ್ಳೆ, ಊರೆಲ್ಲ ಅವ್ರೆ. ನನ್ ಮಗ ಜ್ವರ ಬಂದು ಮಲಗುದ್ರೆ ಗಂಜಿ ಕಾಯ್ಸೋರ್ಯಾರು?"

ಸೊಪ್ಪಲ್ಲಿ ಮಣ್ಣಿದೆ ಅಂತ ಅವಳ ಮೇಲೆ ರೇಗಿದೆ.

ಏಪ್ರಿಲ್ 17, ಪವಿತ್ರ ಗುರುವಾರ

ಪೂಜೆ ಮುಗಿಸಿ ಬಂದು ನೇರ ಬರೆಯಲು ಕೂತೆ.

ಹನ್ನೆರಡನೆಯವನು ಇನ್ನಾಸಪ್ಪ. ಬರಲೇ ಇಲ್ಲ — ವಾಂತಿಭೇದಿಯಂತೆ. ಕೊನೆಯ ಕುರ್ಚಿ ಖಾಲಿ. ಯಾರನ್ನಾದರೂ ಕೂರಿಸಿ ಎಂದು ಫಾದರ್ ಸನ್ನೆ ಮಾಡಿದರು. ತಿರುಗಿದೆ. ಬಾಗಿಲ ಹತ್ತಿರ ಆರೋಗ್ಯ, ಆಗ ತಾನೇ ಬಸ್ಸಿಳಿದು ಬಂದವನು, ಗೋಡೆಗೆ ಒರಗಿ ನಿಂತಿದ್ದ. ಎಷ್ಟು ಸೊರಗಿದ್ದಾನೆ… ಅಯ್ಯೋ ನನ್ನ ಕೂಸೇ!

"ಬಾಪ್ಪಾ" ಅಂದೆ. ಜೋರಾಗಿಯೇ ಬಂತು.

"ನಾನಾ? ಅಪ್ಪಾ, ಕಾಲೆಲ್ಲ ಧೂಳು…"

"ಬಾ ಅಂದ್ನಲ್ಲ!"

ಬಂದು ಕೂತ. ವಿಷಯ ಊರಿಗೆಲ್ಲ ಹಬ್ಬಿತ್ತು; ಗುಜುಗುಜು ಶುರುವಾಯಿತು. ಎರಡು ಮನೆಯವರು ಎದ್ದು ಹೊರಟೇಬಿಟ್ಟರು. ಚೊಂಬು ಹಿಡಿದು ನೀರು ಹೊಯ್ಯುವವನು ನಾನು. ಮಂಡಿಯೂರಿದ ಫಾದರ್ ತಲೆ ಎತ್ತಿ ನನ್ನ ಮುಖ ನೋಡಿದರು. ಆಮೇಲೆ ಅವನ ಕಾಲು ಹಿಡಿದುಕೊಂಡರು. ತೊಳೆದರು, ಒರೆಸಿದರು, ಮುತ್ತಿಟ್ಟರು. ಧೂಳಿಗೆ ಬೋಗುಣಿಯ ನೀರು ಕೆಂಪಾಯಿತು. ಇಷ್ಟು ವರ್ಷದಲ್ಲಿ ಇದೇ ಮೊದಲು.

ಮಗ ಅಳುತ್ತಿದ್ದ. ನಾನೂ ಅತ್ತೆ, ಎಲ್ಲರೆದುರಿಗೇ.

ಏಪ್ರಿಲ್ 18

ಶುಭ ಶುಕ್ರವಾರದ ಉಪವಾಸ. ಶಿಲುಬೆಹಾದಿ ಮುಗಿದ ಮೇಲೆ ಫಾದರ್ ಪಕ್ಕಕ್ಕೆ ಕರೆದರು. "ನಾನು ಮೊದಲು ಹೇಳಿದ್ದು ಹಾಗೇ ಇದೆ, ಅದು ಬದಲಾಗಲ್ಲ. ಆದರೆ ನಿನ್ನೆ ಆ ಕಾಲು ತೊಳೆದದ್ದಕ್ಕೆ ಸಂತೋಷ ಇದೆ." ಆಮೇಲೆ ಮೆಲ್ಲಗೆ — "ಮಕ್ಕಳ ಅಪ್ಪಂದಿರು ಬಂದಿದ್ದರು. ಸ್ವಲ್ಪ ದಿನ ಕ್ಲಾಸ್ ಬೇಡ."

ಯಾರ ಮಕ್ಕಳು ಅವು? ನಾನೇ ಶಿಲುಬೆ ಗುರುತು ಹಾಕುವುದನ್ನು ಕಲಿಸಿದವು.

ದಾವೀದನ ಮೆಸೇಜ್: ಇನ್ನು ನಿನಗೂ ನನಗೂ ಮುಗೀತು.

ಯಳಂದೂರಿಗೆ ಹೊರಟ ಆರೋಗ್ಯ ಹೊಸ್ತಿಲಲ್ಲೇ ನಿಂತ. "ಅಪ್ಪಾ, ಭಾನುವಾರ…"

"ಕರ್ಕಂಡು ಬಾ."

ಏಪ್ರಿಲ್ 20, ಈಸ್ಟರ್, ಹನ್ನೆರಡೂವರೆ

ಮನೆಯೆಲ್ಲ ಮಟನ್ ಘಮ. ಆ ಹುಡುಗ ಲಿಂಗಾಯತರವನು, ತಿನ್ನಲ್ಲ ಅಂತ ಲೂರ್ದಮ್ಮ ಹೊಸ ಪಾತ್ರೆಯಲ್ಲಿ ಬದನೆಕಾಯಿ ಪಲ್ಯ ಮಾಡಿದ್ದಾಳೆ. ಸೌಟು ಕೂಡ ಬೇರೆ. ನನಗೆ ಇಷ್ಟು ಉಪಚಾರ ಯಾವತ್ತೂ ಆಗಿಲ್ಲ!

ಬೈಕ್ ಸದ್ದು. ಆರೋಗ್ಯ ಒಳಗೆ ಬಂದ. ಕಿಟಕಿಯಲ್ಲಿ ಕಾಣುತ್ತಿದೆ — ಆ ಹುಡುಗ ಗೇಟಿನ ಹೊರಗೇ ನಿಂತಿದ್ದಾನೆ. ಚಪ್ಪಲಿ ಬಿಟ್ಟು, ಬಿಸಿಲಲ್ಲಿ. ಕೈಯಲ್ಲಿ ಬಾಳೆಹಣ್ಣು. ಕಾಲೆಲ್ಲ ಅದೇ ಕೆಂಪು ಧೂಳು. ಯಾರಾದರೂ ಕರೆಯಲಿ ಅಂತ ಕಾಯುತ್ತಿದ್ದಾನೆ.

"ಏನ್ರೀ, ಬರ್ಕಂಡು ಕುಂತಿದ್ದೀರಲ್ಲ! ಬಂದೋರಿಗೆ ಕಾಲಿಗೆ ನೀರು ಕೊಡೋರ್ಯಾರು?"

ಹೌದಲ್ಲ. ಚೊಂಬು ಎಲ್ಲಿಟ್ಟಳೋ ಇವಳು… ಇರಲಿ, ನಾನೇ