ದುಭಾಷಿ ಕಾಕಾ

ದೆಹಲಿ
9 ಆಗಸ್ಟ್ 2024

ರಬಕವಿಯ ಕಾಶಪ್ಪ ಕಾಕಾ ಅವರಿಗೆ,

ಕಾಂಚನಾಳ ನಮಸ್ಕಾರ. ಶಿರಸಾಷ್ಟಾಂಗ ಎಂದು ಬರೆಯುವುದು ನಮ್ಮ ಮನೆಯ ರೂಢಿ. ಈ ಸಲ ಅಷ್ಟು ಬಗ್ಗಲು ಮನಸ್ಸಿಲ್ಲ.

ನಾನು ಆರಾಮ ಇದ್ದೇನೆ. ನಿನ್ನೆ ವಿಶ್ವವಿದ್ಯಾಲಯದ ಕಚೇರಿಗೆ ಹೋಗಿ ನನ್ನ ಅರ್ಜಿಯಲ್ಲಿದ್ದ ಫ್ರೆಂಚ್ ತೆಗೆಸಿ ಚೀನಿ ಬರೆಸಿ ಬಂದೆ. ಅಂತರರಾಷ್ಟ್ರೀಯ ರಾಜಕೀಯ ಓದುವವರು ಒಂದು ವಿದೇಶಿ ಭಾಷೆ ಕಲಿಯಲೇಬೇಕು, ಅದನ್ನು ಬದಲಿಸಲು ನಿನ್ನೆಯೇ ಕಡೆಯ ದಿನ. ಇನ್ನು ನೀವು ಊರ ಹಿರಿಯರನ್ನೆಲ್ಲ ಕೂಡಿಸಿದರೂ ಏನೂ ಆಗುವುದಿಲ್ಲ.

ಫ್ರೆಂಚ್ ನಿಮಗೆ ಎಲ್ಲಿಂದ ಹೊಳೆಯಿತು ಎಂಬುದು ನನಗೆ ಗೊತ್ತು. ಜಮಖಂಡಿಯ ಸೀರೆ ವ್ಯಾಪಾರಿ ಮಲಕಾಜಪ್ಪನವರು ನಿಮ್ಮ ಗಾದಿಯ ಮೇಲೆ ಕೂತು ಚಹಾ ಕುಡಿಯುತ್ತ, "ರಾಯಭಾರಿ ಆಗಬೇಕಂದ್ರ ಫ್ರೆಂಚ್ ಬೇಕ್ರಿ, ಅದು ದೊಡ್ಡ ಮಂದಿ ಮಾತು" ಅಂದರು. ಮಲಕಾಜಪ್ಪನವರಿಗೂ ಫ್ರಾನ್ಸಿಗೂ ಇರುವ ನಂಟು ಅವರು ಅಂಗಿಗೆ ಹೊಡೆದುಕೊಳ್ಳುವ ಸೆಂಟು ಮಾತ್ರ, ಅದೂ ಸಂತೆಯಲ್ಲಿ ತುಂಬಿಸಿಕೊಂಡದ್ದು. ಆದರೂ ನೀವು ವೇದವಾಕ್ಯ ಕೇಳಿದವರ ಹಾಗೆ ತಲೆಯಾಡಿಸಿದಿರಿ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಬೇಕು ಎನ್ನುವವರಿಗೆ ಇಂಥ ಸಲಹೆ ಬಲು ರುಚಿ.

ನಾನು ಚೀನಿ ಎಂದಾಗ ನೀವು ಎದ್ದು ನಿಂತು ಕೂಗಿದಿರಿ. "ಚೀನಾದವ ನಮ್ಮ ನೇಕಾರರ ಹೊಟ್ಟಿ ಮ್ಯಾಲೆ ಹೊಡದಾನ. ಅವನ ಮಾತು ನಮ್ಮ ಮನ್ಯಾಗ ಬ್ಯಾಡ!" ಆದರೆ ನಿಮ್ಮ ಎಂಟು ಮಗ್ಗಗಳಿಗೆ ಏರುವ ನೂಲು ಯಾವ ದೇಶದ್ದು ಕಾಕಾ? ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ. ಹೋದ ದೀಪಾವಳಿಗೆ ಅಗ್ಗಕ್ಕೆ ಸಿಕ್ಕಿತೆಂದು ತಂದ ನೂಲಿನ ಗಂಟಿಗೆ ಚೀನಿ ಅಕ್ಷರದ ಚೀಟಿ ಅಂಟಿಸಿತ್ತು. ನೀವು ಅದನ್ನು ಕಿತ್ತೆಸೆದು, ಅಪ್ಪಟ ರೇಷ್ಮೆ ಎಂದು ನೇಯಿಸಿ ಮಾರಿದಿರಿ. ಮೊದಲ ಒಗೆತಕ್ಕೇ ಸೀರೆಗಳು ಮೊಳಕಾಲಿಗೆ ಏರಿದವು. ನೀವು ಎಸೆದ ಚೀಟಿಯನ್ನು ನಾನು ಎತ್ತಿಟ್ಟುಕೊಂಡಿದ್ದೆ. ಇಲ್ಲಿಯ ಅಧ್ಯಾಪಕರು ಓದಿ ಹೇಳಿದರು, ಅರ್ಧ ಬೆರಕೆ ನೂಲು ಎಂದು ಅದರಲ್ಲೇ ಬರೆದಿತ್ತಂತೆ. ಅವರು ಮುಚ್ಚಿಟ್ಟಿರಲಿಲ್ಲ, ನೀವು ಓದಿಸಲಿಲ್ಲ. ಬೈಯುವ ಮಂದಿಯ ಮಾತನ್ನಾದರೂ ಒಬ್ಬರು ಕಲಿಯಬೇಡವೇ?

ಇಷ್ಟೇ ಆಗಿದ್ದರೆ ದಡ್ಡತನವೆಂದು ನಕ್ಕು ಬಿಡುತ್ತಿದ್ದೆ. ನಗಲಾಗದ್ದು ಬೇರೆ ಇದೆ.

ಮೂವತ್ತು ವರ್ಷ ನಿಮ್ಮ ಪವರ್‌ಲೂಮಿನ ಸದ್ದಿನಲ್ಲಿ ನಿಂತು ಅವ್ವನ ಕಿವಿ ಹೋಯಿತು. ಅವಳಿಗೆ ಓದು ಬಾರದು, ಫೋನಿನಲ್ಲಿ ಕೇಳಿಸದು. ಮಗ್ಗದ ಶೆಡ್ಡಿನವರು ಆ ಸದ್ದಿನಲ್ಲಿ ಕೈ, ಹುಬ್ಬು, ತುಟಿಗಳಿಂದ ಮಾತಾಡಿಕೊಳ್ಳುತ್ತಾರಲ್ಲ, ಬೇರೆಯವರ ಮಾತು ತಿಳಿಯಲು ಅವಳಿಗೆ ಈಗ ಉಳಿದಿರುವುದು ಅದೊಂದೇ. ಅದಕ್ಕೇ ನಾನು ಪತ್ರ ಬರೆಯುವುದು, ನೀವು ಅದನ್ನು ಓದಿ ಅವಳಿಗೆ ಕೈಮಾಡಿ ತಿಳಿಸುವುದು, ಅವಳು ಹೇಳಿದ್ದನ್ನು ಬರೆದು ಕಳಿಸುವುದು. ಜೂನ್ ತಿಂಗಳಲ್ಲಿ ಅವಳನ್ನೇ ಕೇಳಿ ಬರೆದೆ: ಅವ್ವಾ, ಚೀನಿ ಕಲಿಯಲೇ? ನಿಮ್ಮ ದುಂಡು ಅಕ್ಷರದಲ್ಲಿ ಅವಳ ಉತ್ತರ ಬಂತು. ಕಲಿತರೆ ಊಟ ಬಿಡುತ್ತೇನೆ ಎಂದು. ನಾನು ಎರಡು ದಿನ ಅತ್ತು ಫ್ರೆಂಚ್ ತುಂಬಿದೆ.

ಹೋದ ವಾರ ರಾಜಶ್ರೀ ಫೋನ್ ಮಾಡಿದ್ದಳು. ಅವ್ವನ ಪಕ್ಕದ ಮಗ್ಗದಲ್ಲಿದ್ದ ಹುಡುಗಿ. ಈಗ ಮದುವೆಯಾಗಿ ಮುಧೋಳದಲ್ಲಿದ್ದಾಳೆ, ನಿಮ್ಮ ಪಗಾರದ ಹೆದರಿಕೆ ಅವಳಿಗಿಲ್ಲ. "ಅಕ್ಕಾ, ಕಾಕಾ ನಿನ್ನ ಪತ್ರ ಗಟ್ಟಿಯಾಗಿ ಓದಿಕೊಂತ ನಿಂತಿದ್ರು, ನಾ ಅಲ್ಲೇ ಇದ್ನಿ. ನೀ ಕೇಳಿದ್ದು ದೊಡವ್ವಗ ತಿಳಿಸಲೇ ಇಲ್ಲ. ಕಾಂಚನಾ ಆರಾಮ ಅದಾಳ, ಚಿಂತಿ ಮಾಡಬ್ಯಾಡ ಅಂತ ಅಷ್ಟ ಕೈ ಮಾಡಿದ್ರು. ಖರೆ ಹೇಳ್ತೇನಿ, ಪಾಪ, ಅಕಿ ನಕ್ಕೋಂತ ಹೋಗಿ ಉಂಡ್ಳು."

ಅಂದರೆ ಆ ಉಪವಾಸ ನೀವು ಕಟ್ಟಿದ್ದು. ಅವಳ ಕಿವಿಯನ್ನು ನಿಮ್ಮ ಮಗ್ಗ ತಿಂದಿತು, ನಾಲಿಗೆಯನ್ನು ನೀವು ತಿಂದಿರಿ. ದುಭಾಷಿಯನ್ನೇ ನಂಬಿ ಮಾತುಕತೆಗೆ ಕೂತ ದೇಶ ಕೂತಾಗಲೇ ಅರ್ಧ ಸೋತಿರುತ್ತದೆ ಎಂದು ಇಲ್ಲಿ ಮೊದಲ ಪಾಠದಲ್ಲೇ ಹೇಳಿದರು. ಉಳಿದವರು ಟಿಪ್ಪಣಿ ಬರೆದುಕೊಂಡರು. ನನಗೆ ನಿಮ್ಮ ಮುಖ ಕಂಡಿತು. ನಾಚಿಕೆ ಎಂಬುದು ನಿಮ್ಮಲ್ಲಿ ಇನ್ನೂ ಇದ್ದರೆ ಈ ಪತ್ರವನ್ನು ಎರಡು ಸಲ ಓದಿ.

ಇಂತಿ,
ನಿಮ್ಮ ಅಣ್ಣನ ಮಗಳು ಎಂಬುದನ್ನು ಅಳಿಸಲಾರದ
ಕಾಂಚನಾ

ತಾ.ಕ.: ವಿಡಿಯೋ ಕಾಲ್ ಮಾಡಿ ಅವ್ವನನ್ನು ನೀನೇ ಕೇಳಬಹುದಿತ್ತಲ್ಲ ಎಂದು ನೀವು ಅನ್ನುತ್ತೀರಿ. ರಾಜಶ್ರೀಯೂ ಅದನ್ನೇ ಅಂದಳು. ಶೆಡ್ಡಿನ ಆ ಕೈಮಾತು ನನಗೆ ಬರುವುದಿಲ್ಲ. ಸಾಲಿಯ ಗೆಳತಿಯರು ನೋಡಿದರೆ ನಗುತ್ತಾರೆಂದು, ಅವ್ವ ಕೈ ಎತ್ತಿದರೆ ಸಾಕು, ನಾನು ಮುಖ ತಿರುಗಿಸುತ್ತಿದ್ದೆ. ಕಡೆಗೆ ಅವಳು ನನ್ನೆದುರು ಕೈ ಎತ್ತುವುದನ್ನೇ ಬಿಟ್ಟಳು. ಅರ್ಜಿ ಇನ್ನು ಬದಲಾಗದು, ಆದರೂ ಚೀನಿ ಕಲಿಯಲೇ ಎಂದು ನೀವೇ ಅವಳನ್ನು ಕೇಳಬೇಕು ಕಾಕಾ. ಬೇಡ ಅಂದರೆ ಬೇಡ ಎಂದೇ ಬರೆಯಿರಿ.